ಗೋಮಾಳದ ಲಂಟಾನವನ್ನು ಊರಿನವರೇ ಸೇರಿ ಕಡಿದರೆ ಸಾಕೇ?

ಕಡಿದರಷ್ಟೇ ಸಾಲದು. ಅಮೆರಿಕ ಖಂಡದ ಉಷ್ಣವಲಯದಿಂದ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಈ ಪೊದೆಯನ್ನು ನೆಲಮಟ್ಟದಲ್ಲಿ ಮಚ್ಚಿನಿಂದ ಸವರಿದರೆ, ಉಳಿದ ಬುಡದಿಂದ ಮುಂದಿನ ಮಳೆಗೆ ಹಲವು ಚಿಗುರುಗಳು ಒಟ್ಟಿಗೆ ಏಳುತ್ತವೆ. ಶ್ರಮದಾನದ ಬಹುಪಾಲು ವ್ಯರ್ಥವಾಗುವುದು ಇಲ್ಲಿಯೇ. ಕಾಂಡ ಮತ್ತು ಬೇರು ಕೂಡುವ ಗಂಟಿನ ಕೆಳಗೆ, ಅಂದರೆ ಮಣ್ಣಿನಿಂದ ಸುಮಾರು 3ರಿಂದ 5 ಸೆಂ.ಮೀ. ಆಳದಲ್ಲಿ, ತಾಯಿಬೇರನ್ನು ಗುದ್ದಲಿಯಿಂದ ಕತ್ತರಿಸಿ, ಬುಡ ಮತ್ತೆ ಮಣ್ಣಿಗೆ ತಾಗದಂತೆ ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ಹಣ್ಣು ಬಿಡುವ ಮೊದಲೇ ಈ ಕೆಲಸ ಮುಗಿಯಬೇಕು, ಏಕೆಂದರೆ ಪಿಕಳಾರದಂತಹ ಹಕ್ಕಿಗಳು ಹಣ್ಣು ತಿಂದು ಬೀಜವನ್ನು ದೂರದೂರಕ್ಕೆ ಹರಡುತ್ತವೆ. ಅವು ಕೂರುವ ಮರಗಳ ಕೆಳಗೆ ಮೊಳೆಯುವ ಎಳೆಯ ಸಸಿಗಳನ್ನು ಮುಂದಿನ ಕೆಲವು ಮಳೆಗಾಲಗಳಲ್ಲಿಯೂ ಕೈಯಿಂದಲೇ ಕೀಳುತ್ತಿರಬೇಕು.

ತೆರವಾದ ಜಾಗವನ್ನು ಬರಿದಾಗಿ ಬಿಟ್ಟರೆ ಲಂಟಾನ ಅಥವಾ ಪಾರ್ಥೇನಿಯಂ ಮರಳಿ ಆವರಿಸುತ್ತದೆ. ಆದ್ದರಿಂದ ಸುತ್ತಲಿನ ಸ್ಥಳೀಯ ಹುಲ್ಲುಗಳ ಬೀಜವನ್ನು ಬೇಸಿಗೆಗೆ ಮೊದಲೇ ಸಂಗ್ರಹಿಸಿಟ್ಟು, ಮೊದಲ ಮಳೆಗೆ ಬಿತ್ತಿ, ಹುಲ್ಲು ನೆಲೆಯೂರುವವರೆಗೆ ದನಕರು ಮೇಯದಂತೆ ಕುರಿಗಾಹಿಗಳೊಂದಿಗೂ ದನಗಾಹಿಗಳೊಂದಿಗೂ ಕುಳಿತು ಒಪ್ಪಂದ ಮಾಡಿಕೊಳ್ಳಿ. ಇಡೀ ಯೋಜನೆಯಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವುದು ಈ ಮಾತುಕತೆಯನ್ನೇ. ಮೂಲತಃ ಹುಲ್ಲುಗಾವಲಾಗಿದ್ದ ನೆಲದಲ್ಲಿ ಉತ್ಸಾಹದಿಂದ ಸಾಲುಸಾಲು ಮರ ನೆಡುವುದು ನೆಲಗುಬ್ಬಿ, ಮೊಲಗಳಂತಹ ಬಯಲುಜೀವಿಗಳ ನೆಲೆಯನ್ನೇ ಕಸಿಯುತ್ತದೆ.

ಗೋಮಾಳವಾದರೆ ಕಂದಾಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಯ, ಅರಣ್ಯವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಿರಿ. ಒಣಗಿದ ಕಡ್ಡಿಗಳನ್ನು ಸುಡಬೇಕಿಲ್ಲ: ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇವುಗಳಿಂದಲೇ ಪೀಠೋಪಕರಣಗಳನ್ನು ತಯಾರಿಸುತ್ತಾರೆ.