ತಂದೆಯವರ ಸ್ಮರಣ ಪುಸ್ತಿಕೆಯಲ್ಲಿ ವ್ಯಾಪಾರಕ್ಕೆಷ್ಟು ಪುಟ, ಪ್ರಾಣಿಪ್ರೀತಿಗೆಷ್ಟು ಪುಟ?

ವರ್ಷಾಬ್ದಿಕಕ್ಕೆ ಪುಸ್ತಿಕೆ ತರುತ್ತಿರುವ ನೀವು ಕೇಳಿರುವ ಈ ಪ್ರಶ್ನೆಯನ್ನೇ ಆರು ವರ್ಷಗಳ ಹಿಂದೆ ನಾನು ನನ್ನ ಅಕ್ಕನಿಗೆ ಕೇಳಿದ್ದೆ. ನಮ್ಮ ತಂದೆಯವರದು ದಾವಣಗೆರೆಯಲ್ಲಿ ಕಾಳುಕಡಿಯ ಸಗಟು ಅಂಗಡಿ; ಬೆಳಿಗ್ಗೆ ಅವರು ಷಟರ್ ಎತ್ತುವ ಮೊದಲೇ ಐದಾರು ಬೀದಿನಾಯಿಗಳು ಕಟ್ಟೆಯ ಮೇಲೆ ಹಾಜರಿರುತ್ತಿದ್ದವು. ನಾನು ಹದಿನಾರು ಪುಟಗಳ ಪುಸ್ತಿಕೆ ಮಾಡಿಸಿ, ಹದಿನಾಲ್ಕನ್ನು ವ್ಯಾಪಾರಕ್ಕೆ ಕೊಟ್ಟು, ಉಳಿದೆರಡಕ್ಕೆ ‘ಪ್ರಾಣಿಪ್ರಿಯರು’ ಎಂಬ ತಲೆಬರಹ ಹಾಕಿದೆ.

ಆದರೆ ನನ್ನ ನಿಜವಾದ ತಪ್ಪು ಅದಕ್ಕಿಂತ ಮೊದಲೇ ನಡೆದುಹೋಗಿತ್ತು. ಅಂಗಡಿಯ ಲೆಕ್ಕ ಕಂಪ್ಯೂಟರಿಗೆ ಬಂದು ಬಹಳ ಕಾಲವಾಗಿದ್ದರಿಂದ, ಅಟ್ಟದ ಮೇಲಿದ್ದ ಕೆಂಪು ಬಟ್ಟೆಯ ರಟ್ಟಿನ ಮೂವತ್ತೊಂದು ಕಿರ್ದಿ (ದಿನದ ಲೆಕ್ಕದ) ಪುಸ್ತಕಗಳನ್ನು ತೆರಿಗೆಯವರು ಇನ್ನೇನಾದರೂ ಕೇಳಬಹುದೇ ಎಂದು ಲೆಕ್ಕಪರಿಶೋಧಕರನ್ನು ವಿಚಾರಿಸಿ, ಇಲ್ಲವೆಂದು ಅವರು ಹೇಳಿದ ಮೇಲೆ ಒಂದು ಹಾಳೆಯನ್ನೂ ತಿರುವಿ ನೋಡದೆ ಗುಜರಿಗೆ ಹಾಕಿದೆ. ಕೇಳಬೇಕಾದ ಪ್ರಶ್ನೆ ಅದಾಗಿರಲಿಲ್ಲ. ಗುಜರಿಯವನು ರಟ್ಟುಗಳನ್ನು ಕಿತ್ತೆಸೆದು ಕಾಗದವನ್ನಷ್ಟೇ ತೂಗಿದ. ನಾನು ಎದುರಿಗೆ ನಿಂತು ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದೆನೇ ಹೊರತು ಪುಸ್ತಕಗಳನ್ನಲ್ಲ. ಪುಸ್ತಿಕೆ ಹಂಚಿಯಾದ ಮೇಲೆ, ದೇವರ ಕೋಣೆಯಲ್ಲಿ ಉಳಿದಿದ್ದ ಒಂದೇ ಒಂದು ಕಿರ್ದಿ ಸಿಕ್ಕಿತು. ಮೊದಲ ಪುಟದಲ್ಲಿ ಕುಂಕುಮದ ‘ಶ್ರೀ’. ಒಳಗೆ ಹಮಾಲಿ, ಚಹಾ, ಸುತಳಿಗಳ ನಡುವೆ ಅದೇ ದುಂಡನೆಯ ಅಕ್ಷರಗಳಲ್ಲಿ ‘ಕರಿಯನ ಹಾಲು’, ‘ಒಡಕು ಜೋಳ, ಪಾರಿವಾಳಕ್ಕೆ’, ‘ಕುಂಟಿ, ಆಸ್ಪತ್ರೆಗೆ ಆಟೋ, 60’. ಧರ್ಮದ ಖಾತೆ ಬೇರೆಯೇ ಇತ್ತು. ಇವನ್ನು ಅವರು ಅಲ್ಲಿ ಬರೆದಿರಲಿಲ್ಲ, ಅಂಗಡಿಯ ದಿನದ ಖರ್ಚಿನಲ್ಲಿಯೇ ಬರೆದಿದ್ದರು.

ಆದ್ದರಿಂದ ಪುಟಗಳನ್ನು ಹಂಚುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಉದ್ಯಮಿ ರತನ್ ಟಾಟಾ ಅವರಿಗೆ ಪತ್ರಿಕೆಗಳು ಬರೆದ ಶ್ರದ್ಧಾಂಜಲಿಗಳ ಮಾದರಿ ಅನುಸರಿಸಬಹುದೇ ಎಂದೂ ಕೇಳಿದ್ದೀರಿ. ನಾನು ಓದಿದ ಹೆಚ್ಚಿನವುಗಳಲ್ಲಿ 2007ರಲ್ಲಿ ಕೋರಸ್ ಎಂಬ ಉಕ್ಕಿನ ಕಂಪನಿಯ, 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಎಂಬ ಕಾರು ಕಂಪನಿಯ ಖರೀದಿಗಳು ಮೊದಲು ಬಂದು, ನಾಯಿಗಳು ಕೊನೆಯಲ್ಲಿ ಬಾಲದಂತೆ ಬಂದಿದ್ದವು. ಆದರೆ 2018ರಲ್ಲಿ ನವೀಕರಣಗೊಂಡ ಬಾಂಬೆ ಹೌಸ್‌ನಲ್ಲಿ, ಅಂದರೆ ಟಾಟಾ ಸಮೂಹದ ಕೇಂದ್ರ ಕಚೇರಿಯೊಳಗೇ, ಬೀದಿನಾಯಿಗಳಿಗೊಂದು ಕೋಣೆ ಮಾಡಲಾಯಿತು. ಮುಂಬೈನ ಮಹಾಲಕ್ಷ್ಮಿಯಲ್ಲಿ ಅವರ ಕನಸಾಗಿದ್ದ 165 ಕೋಟಿ ರೂಪಾಯಿಯ ಪ್ರಾಣಿಗಳ ಆಸ್ಪತ್ರೆ ಬಾಗಿಲು ತೆರೆದದ್ದು ಅವರು ತೀರಿಕೊಂಡ 2024ರಲ್ಲಿಯೇ. ಆ ಅಕ್ಟೋಬರ್ 10ರಂದು ಮುಂಬೈನ ಕಲಾಕೇಂದ್ರವಾದ ಎನ್‌ಸಿಪಿಎ ಆವರಣದಲ್ಲಿ ಗಣ್ಯರು ಸಾಲುಗಟ್ಟಿದ್ದಾಗ, ‘ಗೋವಾ’ ಎಂಬ ಅವರ ನಾಯಿಯನ್ನೂ ಅಂತಿಮ ದರ್ಶನಕ್ಕೆ ಕರೆತಂದರು. ಇಲ್ಲಿ ಉದ್ಯಮಿ ಎಲ್ಲಿ ಮುಗಿದರು, ಪ್ರಾಣಿಪ್ರಿಯರು ಎಲ್ಲಿ ಶುರುವಾದರು ಎಂದು ಗೆರೆ ಎಳೆಯಲಾದೀತೇ?

ಪುಸ್ತಿಕೆ ಒಂದು ತಿಂಗಳು ತಡವಾದರೂ ಅಡ್ಡಿಯಿಲ್ಲ. ಮೊದಲು ನಿಮ್ಮ ತಂದೆಯವರ ಲೆಕ್ಕದ ಪುಸ್ತಕಗಳು ಎಲ್ಲಿವೆಯೆಂದು ಹುಡುಕಿ, ಪ್ರತಿ ಪುಟವನ್ನೂ ಓದಿ. ಅರ್ಥವಾಗದ ಹೆಸರುಗಳನ್ನು ಮನೆಯವರಿಗಿಂತ ಮೊದಲು ಅಂಗಡಿಯಲ್ಲಿ ದುಡಿದವರ ಬಳಿ ಕೇಳಿ. ‘ಕುಂಟಿ’ ಯಾರೆಂದು ನನಗೆ ತಿಳಿಸಿದವರು ನಮ್ಮ ಹಳೆಯ ಹಮಾಲರೊಬ್ಬರು: ಲಾರಿ ಹಿಂದಕ್ಕೆ ಬರುವಾಗ ಚಕ್ರಕ್ಕೆ ಸಿಕ್ಕಿ ಕಾಲು ಮುರಿದುಕೊಂಡಿದ್ದ ಹೆಣ್ಣುನಾಯಿ, ಆಮೇಲೆ ನಮ್ಮ ಅಂಗಡಿಯ ತೂಕದ ಕಟ್ಟೆಯ ಹಿಂದೆಯೇ ಮೂರು ಸಲ ಮರಿ ಹಾಕಿತ್ತಂತೆ.