ದುಬೈಗೆ ಹೊರಟ ತಮ್ಮನಿಗೆ: 48 ಗಂಟೆಯ ಕೋವಿಡ್ ಟೆಸ್ಟೂ ಬೇಕು, 6 ಗಂಟೆಯದ್ದೂ ಬೇಕು

(2022ರ ಜನವರಿಯಲ್ಲಿ ಬರೆದ ಪತ್ರ. ಇದರಲ್ಲಿರುವ ಕೋವಿಡ್ ಟೆಸ್ಟಿನ, ಪ್ರಯಾಣದ, ಕರ್ಫ್ಯೂವಿನ ರೂಲೆಲ್ಲ ಆಗಿನದ್ದು, ಈಗ ಇಲ್ಲ.)

ತಮ್ಮಾ, ನೀನು ಕೇಳಿದ್ದೆಲ್ಲ ಓದಿದೆ. ಈ ತಿಂಗಳ ಕೊನೆಗೆ ಮಂಗಳೂರಿಂದ ದುಬೈಗೆ ಟಿಕೆಟ್ ಆಗಿದೆ, ಕಂಪನಿಯವ್ರು ಆರ್‌ಟಿಪಿಸಿಆರ್ (ಕೋವಿಡ್ ಟೆಸ್ಟ್) ಮಾಡಿಸ್ಕೊಂಡು ಬಾ ಅಂತ ಮಾತ್ರ ಹೇಳಿದ್ದಾರೆ, ಏರ್‌ಪೋರ್ಟಲ್ಲಿ ಇನ್ನೊಂದು ಟೆಸ್ಟ್ ಉಂಟಂತೆ ಹೌದಾ, ಡಿಸೆಂಬರಲ್ಲಿ ಜ್ವರ ಬಂದು ಹೋಗಿತ್ತು ಅದ್ರಿಂದ ತೊಂದ್ರೆ ಆಗ್ತದಾ, ರೂಮು ಊಟ ಹೇಗೆ, ಮೇ ತಿಂಗಳಲ್ಲಿ ತಂಗಿ ಮದುವೆಗೆ ರಜೆ ಸಿಗ್ಬಹುದಾ, ಇಷ್ಟು ಅಲ್ವಾ.

ಹೌದು, ಎರಡೂ ಬೇಕು. ಒಂದು ಮಾಡಿಸಿದ್ರೆ ಇನ್ನೊಂದು ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡ. ಮೊದಲನೇದ್ದು ಹೊರಗೆ ಲ್ಯಾಬಲ್ಲಿ ಮಾಡಿಸುವ ಆರ್‌ಟಿಪಿಸಿಆರ್, 48 ಗಂಟೆ ಒಳಗಿನದ್ದು. ಈ 48 ಗಂಟೆ ಲೆಕ್ಕ ಶುರುವಾಗುವುದು ಮೂಗಿಗೆ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದ ಹೊತ್ತಿಂದ, ರಿಪೋರ್ಟ್ ಕೈಗೆ ಬಂದ ಹೊತ್ತಿಂದ ಅಲ್ಲ. ಶನಿವಾರ ರಾತ್ರಿ 9ಕ್ಕೆ ಫ್ಲೈಟ್ ಅಂತಾದ್ರೆ ಗುರುವಾರ ರಾತ್ರಿ 9ರ ನಂತರ ಕೊಟ್ಟ ಸ್ಯಾಂಪಲ್ ಮಾತ್ರ ನಡೀತದೆ, ಅಂದ್ರೆ ಶುಕ್ರವಾರ ಬೆಳಿಗ್ಗೆ ಕೊಟ್ಟು ಶುಕ್ರವಾರ ರಾತ್ರಿ ಅಥವಾ ಶನಿವಾರ ಬೆಳಿಗ್ಗೆ ರಿಪೋರ್ಟ್ ತಗೊಳ್ಳುವುದು ಸರಿ. ಭಾನುವಾರ ಲ್ಯಾಬ್ ತೆರೆದಿರ್ತದಾ, ರಿಪೋರ್ಟ್ ಎಷ್ಟು ಹೊತ್ತಿಗೆ ಕೊಡ್ತಾರೆ ಅಂತ ಮೊದ್ಲೇ ಫೋನ್ ಮಾಡಿ ಕೇಳು, ಈ ವೀಕೆಂಡ್ ಕರ್ಫ್ಯೂ ಬೇರೆ ಉಂಟು, ದಾರಿಯಲ್ಲಿ ಪೊಲೀಸ್ರು ನಿಲ್ಸಿದ್ರೆ ಟಿಕೆಟ್ ತೋರ್ಸು, ಬಿಡ್ತಾರೆ.

ರಿಪೋರ್ಟ್ ಇಂಗ್ಲಿಷಲ್ಲಿ ಇರ್ಬೇಕು, ಸ್ಯಾಂಪಲ್ ತೆಗೆದ ಟೈಮ್ ಮತ್ತು ರಿಸಲ್ಟ್ ಬಂದ ಟೈಮ್ ಎರಡೂ ಇರ್ಬೇಕು, ಕ್ಯೂಆರ್ ಕೋಡ್ ಇರ್ಬೇಕು. ಸರ್ಕಾರಿ ಆಸ್ಪತ್ರೆಯಿಂದ ಮೊಬೈಲಿಗೆ ನೆಗೆಟಿವ್ ಅಂತ ಮೆಸೇಜ್ ಬರ್ತದಲ್ಲ, ಅದು ಸಾಕಾಗುದಿಲ್ಲ, ಎಸ್‌ಆರ್‌ಎಫ್ ಐಡಿ (ಸ್ಯಾಂಪಲ್ ಕೊಟ್ಟಾಗ ಸಿಗುವ ನಂಬರ್) ಹಿಡ್ಕೊಂಡು ವಾದ ಮಾಡಿದ್ರೂ ಪ್ರಯೋಜನ ಇಲ್ಲ. ಕ್ಯೂಆರ್ ಕೋಡನ್ನು ಮನೆಯಲ್ಲೇ ಇನ್ನೊಂದು ಫೋನಲ್ಲಿ ಸ್ಕ್ಯಾನ್ ಮಾಡಿ ಪೂರಾ ರಿಪೋರ್ಟ್ ತೆರೀತದಾ ನೋಡು. ಮತ್ತೆ ಹೆಸ್ರು. ನಮ್ಮ ಕಡೆ ಶಾಲೆಯಲ್ಲಿ ಒಂದು ಇನಿಷಿಯಲ್, ಆಧಾರಲ್ಲಿ ಅಪ್ಪನ ಹೆಸ್ರು, ಪಾಸ್‌ಪೋರ್ಟಲ್ಲಿ ಮನೆತನದ ಹೆಸ್ರು ಹೀಗೆ ಮೂರು ಥರ ಇರುವುದು ಮಾಮೂಲಿ, ಲ್ಯಾಬಿನ ಹುಡುಗ ನೀನು ಬಾಯಲ್ಲಿ ಹೇಳಿದ್ದನ್ನೇ ಟೈಪ್ ಮಾಡ್ತಾನೆ. ಪಾಸ್‌ಪೋರ್ಟನ್ನೇ ಅವನ ಎದುರು ಇಡು, ಪಾಸ್‌ಪೋರ್ಟ್ ನಂಬರೂ ಹಾಕ್ಲಿಕ್ಕೆ ಹೇಳು.

ಎರಡನೇದ್ದು ರ‍್ಯಾಪಿಡ್ ಪಿಸಿಆರ್, ಏರ್‌ಪೋರ್ಟಲ್ಲೇ, ಫ್ಲೈಟ್ ಹೊರಡುವ 6 ಗಂಟೆ ಒಳಗೆ. ಕಳೆದ ವರ್ಷ (2021) ಆಗಸ್ಟಲ್ಲಿ ಶುರುವಾದಾಗ 4 ಗಂಟೆ ಅಂತ ಇತ್ತು, ಆಮೇಲೆ 6 ಮಾಡಿದ್ರು, ನೀನು ಹೊರಡುವ ಹೊತ್ತಿಗೆ ಇನ್ನೇನಾಗಿರ್ತದೋ, ಅದಕ್ಕೆ ಹಿಂದಿನ ದಿನ ಏರ್‌ಲೈನಿನ ವೆಬ್‌ಸೈಟ್ ನೋಡು, ವಾಟ್ಸಾಪ್ ಫಾರ್ವರ್ಡ್ ನೋಡ್ಬೇಡ. ರ‍್ಯಾಪಿಡ್ ಅಂದ ಕೂಡ್ಲೇ ಮನೆಯಲ್ಲಿ ಮಾಡುವ ಆಂಟಿಜನ್ ಕಿಟ್ ಅಂದ್ಕೊಳ್ಬೇಡ, ಅದಲ್ಲ ಇದು. ಇದು ಪಿಸಿಆರೇ, ಮಿಷಿನ್ ಮಾತ್ರ ಬೇರೆ, ದುಡ್ಡೂ ಹೊರಗಿನದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಫ್ಲೈಟಿಗೆ ಐದು ಗಂಟೆ ಮುಂಚೆ ಬಜ್ಪೆಯಲ್ಲಿ (ಮಂಗಳೂರು ಏರ್‌ಪೋರ್ಟಲ್ಲಿ) ಇರು. ದುಬೈಯಲ್ಲಿ ಇಳಿದ ಮೇಲೆ ಮೂರನೇ ಸಲ ತೆಗೀತಾರೆ, ಅದಕ್ಕೆ ದುಡ್ಡಿಲ್ಲ, ರಿಸಲ್ಟ್ ಬರುವವರೆಗೆ ರೂಮಿಂದ ಹೊರಗೆ ಹೋಗ್ಬಾರ್ದು ಅಷ್ಟೆ.

ಈಗ ನಿನ್ನ ಜ್ವರದ ವಿಷ್ಯ. ಆಗ ಟೆಸ್ಟ್ ಮಾಡಿಸಿದ್ಯಾ ಇಲ್ವಾ ಅಂತ ನೀನು ಬರ್ದೇ ಇಲ್ಲ. ಪಿಸಿಆರ್ ಅಂದ್ರೆ ಬಹಳ ಸೂಕ್ಷ್ಮ, ರೋಗ ವಾಸಿಯಾಗಿ ವಾರಗಟ್ಟಲೆ ಆದ್ಮೇಲೂ, ಕೆಲವ್ರಿಗೆ ಮೂರು ತಿಂಗಳವರೆಗೂ ಸತ್ತ ವೈರಸ್ಸಿನ ಚೂರು ಸಿಕ್ಕಿ ಪಾಸಿಟಿವ್ ಬರ್ತದೆ. ಅಮೆರಿಕಕ್ಕೆ ಹೋಗುವವ್ರಿಗೆ 90 ದಿನದೊಳಗೆ ಕೋವಿಡ್ ಆಗಿ ಗುಣ ಆಗಿದ್ರೆ ಆ ರಿಪೋರ್ಟು, ಡಾಕ್ಟ್ರ ಪತ್ರ ನಡೀತದೆ, ಅವ್ರಿಗೆ ಆಂಟಿಜನ್ ಕೂಡ ಆಗ್ತದೆ, ದುಬೈಗೆ ಇದು ಯಾವ್ದೂ ಆಗುದಿಲ್ಲ. ಅದಕ್ಕೆ ಇವತ್ತೇ ಹೋಗಿ ಒಂದು ಆರ್‌ಟಿಪಿಸಿಆರ್ ಮಾಡ್ಸು, ಪ್ರಯಾಣಕ್ಕಲ್ಲ, ನಿನಗೆ ಗೊತ್ತಿರ್ಲಿ ಅಂತ. ಪಾಸಿಟಿವ್ ಬಂದ್ರೆ ಕಂಪನಿಗೆ ಈಗ್ಲೇ ಹೇಳಿ ಡೇಟ್ ಮುಂದೆ ಹಾಕ್ಸು.

ಇದನ್ನು ಇಷ್ಟು ಒತ್ತಿ ಹೇಳ್ಲಿಕ್ಕೆ ಕಾರಣ ಉಂಟು. ಕಳೆದ ಚೌತಿಗೆ ನಾವು ಸಂಸಾರ ಸಮೇತ ದುಬೈಯಿಂದ ಊರಿಗೆ ಬಂದಿದ್ದೆವು, ವಾಪಸ್ ಹೊರಟಾಗ ನನ್ನದು, ಹೆಂಡತಿಯದ್ದು 48 ಗಂಟೆಯ ರಿಪೋರ್ಟ್ ಎರಡೂ ನೆಗೆಟಿವ್, ಮಗನಿಗೆ 12 ಆಗಿಲ್ಲ ಅವನಿಗೆ ಟೆಸ್ಟೇ ಬೇಡ. ಬಿಡ್ಲಿಕ್ಕೆ ಬಂದ ಭಾವನ ಕಾರು ನಾವು ಒಳಗೆ ಹೋದ ಕೂಡ್ಲೇ ಹೊರಟು ಹೋಯ್ತು. ರ‍್ಯಾಪಿಡ್ ಟೆಸ್ಟಿನ ಕೌಂಟರಿನ ಹುಡುಗಿ ನನ್ನ ರಿಪೋರ್ಟ್ ಕೊಟ್ಟಳು, ಹೆಂಡತಿಯ ಹೆಸ್ರು ಕರೀಲಿಲ್ಲ. ನಮ್ಮ ಹಿಂದಿನವ್ರದ್ದೂ ಬಂತು, ಇವಳದ್ದಿಲ್ಲ. ಆಮೇಲೆ ಪಿಪಿಇ ಹಾಕಿದ ಒಬ್ಬರು ಬಂದು ಮೆಲ್ಲ, "ಮೇಡಂ ನೀವು ಸ್ವಲ್ಪ ಆಚೆ ಬನ್ನಿ" ಅಂದ್ರು. ಜ್ವರ ಇಲ್ಲ, ಕೆಮ್ಮು ಇಲ್ಲ, ಪಾಸಿಟಿವ್. ಇನ್ನೊಮ್ಮೆ ತೆಗೀರಿ ಅಂದ್ರೆ ಅವ್ರ ಹತ್ರ ಉತ್ತರ ಇಲ್ಲ. ನನ್ನ ರಜೆ ಮುಗಿದಿತ್ತು, ಆಫೀಸಲ್ಲಿ ಆ ವರ್ಷ ಎಷ್ಟೋ ಜನರನ್ನು ಕೆಲಸದಿಂದ ಕಳಿಸಿದ್ರು, ಹೆಂಡತಿಯೇ "ನೀವು ಹೋಗಿ, ನಾನು ನೋಡ್ಕೊಳ್ತೇನೆ" ಅಂದಳು. ನಾನು ಹೋದೆ. ಕುಚ್ಲಕ್ಕಿ, ಮಾವಿನ ಮಿಡಿ ಉಪ್ಪಿನಕಾಯಿ ತುಂಬಿದ ಪೆಟ್ಟಿಗೆ ಸಮೇತ ಟ್ರಾಲಿ ತಳ್ಳಿಕೊಂಡು ಅವಳು ಮಗನ ಜೊತೆ ಹೊರಗೆ ಬಂದು ಕೂತ್ಲಂತೆ, ಪಾಸಿಟಿವ್ ಅಂದ್ರೆ ಯಾವ ಟ್ಯಾಕ್ಸಿಯವ ಬರ್ತಾನೆ ಮಾರಾಯ, ಭಾವ ಅರ್ಧ ದಾರಿಯಿಂದ ತಿರುಗಿ ಬಂದು ನಾಲ್ಕೂ ಗ್ಲಾಸ್ ಇಳಿಸಿ ಕರ್ಕೊಂಡು ಹೋದ್ರು. ಮನೆಯಲ್ಲಿ ವಯಸ್ಸಾದವ್ರು, ಇವಳು ಮಾಳಿಗೆಯ ಕೋಣೆಯಲ್ಲಿ, ಮಗ ಕೆಳಗೆ ಅಜ್ಜಿ ಹತ್ರ. ಎರಡು ದಿನ ಬಿಟ್ಟು ಹೊರಗೆ ಮಾಡಿಸಿದ್ರೆ ನೆಗೆಟಿವ್!

ಈಗ ಮನೆಗೆ ಯಾರು ಬಂದ್ರೂ ಅವಳು ಇದನ್ನು ನಗೆಯಾಡ್ಲಿಕ್ಕೆ ಹೇಳ್ತಾಳೆ, ಎಲ್ರೂ ನಗ್ತಾರೆ, ನಾನು ಚಾ ತರ್ಲಿಕ್ಕೆ ಒಳಗೆ ಹೋಗ್ತೇನೆ. ಮ್ಯಾನೇಜರಿಗೆ ಒಂದು ಫೋನ್ ಮಾಡಿ ನೋಡ್ಬಹುದಿತ್ತು, ಬಿಡ್ತಿದ್ದನೋ ಇಲ್ವೋ. ಅದಕ್ಕೆ ನಿನಗೆ ಹೇಳುವುದು, ಬಿಡ್ಲಿಕ್ಕೆ ಬಂದವ್ರನ್ನು ರ‍್ಯಾಪಿಡ್ ರಿಸಲ್ಟ್ ಕೈಗೆ ಬರುವವರೆಗೆ ಕಳಿಸ್ಬೇಡ, ಪಾರ್ಕಿಂಗಲ್ಲೇ ಇರ್ಲಿ. ಸುಮೋ ತುಂಬ ಜನ ಬೇಡ, ಒಬ್ಬ ಸಾಕು. ಹೊರಡುವ ಮುಂಚಿನ ಹತ್ತು ದಿನ ಮದುವೆ, ಭೂತಕೋಲ, ಯಕ್ಷಗಾನದ ಆಟ ಎಲ್ಲ ಬಂದ್. ಹೊರಡುವ ಹುಡುಗ ಅಂತ ದೊಡ್ಡಮ್ಮ ಚಿಕ್ಕಮ್ಮ ಎಲ್ಲ ಊಟಕ್ಕೆ ಕರೀತಾರೆ ಗೊತ್ತುಂಟು, ಅಮ್ಮನತ್ರ ಹೇಳ್ಸಿ ತಪ್ಪಿಸ್ಕೋ, ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ನಾನು ಬಂದದ್ದು 2005ರಲ್ಲಿ, ಮಂಗಳೂರಿಂದ ದುಬೈಗೆ ನೇರ ವಿಮಾನ ಶುರುವಾಗಿರ್ಲಿಲ್ಲ, ಬಸ್ಸಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿಂದ ಹತ್ತಿದ್ದು. ಆಗ ಹೆದರಿಕೆ ಎಲ್ಲ ಇಳಿದ ಮೇಲಿನ ಮೆಡಿಕಲ್ ಬಗ್ಗೆ, ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಟಿಬಿ ಅಂತಾದ್ರೆ ವಾಪಸ್ಸು. ನನ್ನ ರೂಮಲ್ಲಿದ್ದ ಒಬ್ಬ ಸಾಲ ಮಾಡಿ ಬಂದವ ಹಾಗೇ ಹೋದ. ಆ ಮೆಡಿಕಲ್ ಈಗ್ಲೂ ಉಂಟು, ಕೋವಿಡ್ ಗಲಾಟೆಯಲ್ಲಿ ಯಾರೂ ಹೇಳುದಿಲ್ಲ. ಮೊದ್ಲು ಯಾವಾಗಾದ್ರೂ ಟಿಬಿ ಆಗಿದ್ರೆ ಊರಲ್ಲೇ ಒಂದು ಎಕ್ಸ್‌ರೇ ತೆಗೆಸಿ ಡಾಕ್ಟ್ರಿಗೆ ತೋರ್ಸು.

ರೂಮು ಕಂಪನಿಯದ್ದಾ ಕೇಳ್ಕೋ, ಇಲ್ಲಾಂದ್ರೆ ದುಬೈಯ ಕರಾಮ ಕಡೆ ಬೆಡ್‌ಸ್ಪೇಸ್ (ಹಂಚಿಕೊಂಡ ರೂಮಲ್ಲಿ ಒಂದು ಮಂಚದ ಜಾಗ) ಸಿಗ್ತದೆ, ಊಟಕ್ಕೆ ಏನೂ ತೊಂದ್ರೆ ಇಲ್ಲ, ಕುಚ್ಲಕ್ಕಿ ಕೂಡ ಅಂಗಡಿಯಲ್ಲಿ ಉಂಟು. ಪೆಟ್ಟಿಗೆಯಲ್ಲಿ ಗಸಗಸೆ ಒಂದು ಚಮಚವೂ ಬೇಡ, ಇಲ್ಲಿ ಅದು ಡ್ರಗ್ಸ್ ಲೆಕ್ಕ. ಅಮ್ಮ ಮಸಾಲೆ ಹುಡಿ ಕಟ್ಟಿ ಕೊಡುವಾಗ ಕೇಳು. ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಬೇಡ.

ತಂಗಿ ಮದುವೆಗೆ ಬಂದೇ ಬರ್ತೇನೆ ಅಂತ ಮಾತ್ರ ಈಗ ಮಾತು ಕೊಡ್ಬೇಡ. ಈಗಿನ (2022 ಜನವರಿಯ) ರೂಲ್ ಪ್ರಕಾರ ಊರಿಗೆ ಬಂದವ್ರು ಏರ್ ಸುವಿಧಾ ಅಂತ ಸರ್ಕಾರದ ಆನ್‌ಲೈನ್ ಫಾರ್ಮ್ ತುಂಬಿ, ಬಂದು 7 ದಿನ ಮನೆಯಲ್ಲೇ ಇದ್ದು 8ನೇ ದಿನ ಮತ್ತೆ ಟೆಸ್ಟ್ ಮಾಡಿಸ್ಬೇಕು, ಹೊಸಬನಿಗೆ ನಾಲ್ಕು ತಿಂಗಳಿಗೆ ಸಿಗುವ ರಜೆ ಅದ್ರಲ್ಲೇ ಮುಗೀತದೆ. ಮೇ ಹೊತ್ತಿಗೆ ಸಡಿಲ ಆದ್ರೆ ಆಯ್ತು. ಲ್ಯಾಬಿನ ರಿಪೋರ್ಟ್ ಬಂದ ಕೂಡ್ಲೇ ನನಗೆ ಫೋಟೋ ಕಳ್ಸು, ಹೆಸ್ರು, ಟೈಮು ಸರಿ ಉಂಟಾ ನೋಡ್ತೇನೆ.