ಹತ್ತನೇ ನಂಬರಿನ ಅಣ್ಣನಿಗೆ ಇನ್ನೊಬ್ಬ ಸ್ಟ್ರೈಕರ್ ಬೇಡ, ಓಡುವವ ಬೇಕು

ಈ ಗುಂಪಿಗೆ ನೀವು ಹಾಕಿದ ನಿಮ್ಮ ಫುಟ್‌ಬಾಲ್ ತಂಡದ ಸೆಮಿಫೈನಲ್ ಲೈನಪ್ ಫೋಟೋ ನೋಡಿದೆ ಮಾರಾಯ್ರೇ. 37 ವರ್ಷದ ಹತ್ತನೇ ನಂಬರಿನ ಅಣ್ಣ, ಅಂದರೆ ನಿಮ್ಮ ಆಟ ಕಟ್ಟುವ ಸ್ಟಾರ್, ಎರಡು ಮ್ಯಾಚಿನಲ್ಲಿ ಮಂಕಾಗಿ ಕಂಡರು ಅಂತ ಸೆಮಿಗೆ ಕಾಸರಗೋಡಿನಿಂದ ಇಬ್ಬರು ಗೆಸ್ಟ್ ಸ್ಟ್ರೈಕರ್‌ಗಳನ್ನು ತರಿಸಿ ಅವರ ಅಕ್ಕಪಕ್ಕ ಹಾಕುತ್ತೀರಿ. ಜಾಗ ಮಾಡಲಿಕ್ಕೆ ಮಿಡ್‌ಫೀಲ್ಡಿನ ಎಂಟನೇ ನಂಬರಿನ ಹುಡುಗನನ್ನು ಹೊರಗೆ ಕೂರಿಸುತ್ತೀರಿ, ಯಾಕೆಂದರೆ ಅವನಿಗೆ "ಓಡುವುದು ಬಿಟ್ಟರೆ ಬೇರೆಂತ ಗೊತ್ತಿಲ್ಲ". ಇದೇ ತಪ್ಪು ಮಾಡಿ ಕೈಸುಟ್ಟುಕೊಂಡವರು ಈ ಗುಂಪಿನಲ್ಲಿ ಬೇಕಾದಷ್ಟು ಇದ್ದೇವೆ, ಬಾಯಿಬಿಡುವುದಿಲ್ಲ ಅಷ್ಟೆ. ನೀವು ಕೂರಿಸಲಿಕ್ಕೆ ಹೊರಟದ್ದು ಅಣ್ಣನ ಕಾಲನ್ನೇ.

ವಯಸ್ಸಾದವರಿಗೆ ಮೊದಲು ಕೈಕೊಡುವುದು ಟಚ್ ಅಲ್ಲ, ಒಂದು ಸ್ಪ್ರಿಂಟ್ ಕೂಡ ಅಲ್ಲ. ಅದರ ಬೆನ್ನಿಗೇ ಮತ್ತೊಂದು ಸ್ಪ್ರಿಂಟ್ ಹೊಡೆಯುವ ಶಕ್ತಿ. ಬಾಲ್ ಹೋಯಿತು, 30 ಮೀಟರ್ ಹಿಂದೆ ಓಡಿದರು, ನಮ್ಮವರು ಬಾಲ್ ಗೆದ್ದರು, ಪುನಃ 30 ಮೀಟರ್ ಮುಂದೆ. ಇಂಥದ್ದು ನಾಲ್ಕು ಸಲ ಆದರೆ ಐದನೆಯ ಸಲ ಬಾಲ್ ಕಾಲಿಗೆ ಬಂದಾಗ ಅವರಿಗೆ ಉಸಿರೇ ಇರುವುದಿಲ್ಲ. ಹೊರಗೆ ನಿಂತವರು "ಅಣ್ಣನದ್ದು ಮುಗಿಯಿತು" ಅನ್ನುತ್ತಾರೆ. ಮುಗಿದದ್ದು ಅಣ್ಣನದ್ದಲ್ಲ, ಅವರ ಹಿಂದಿನ ಜಾಗ ಮುಚ್ಚುವವರು ಯಾರೂ ಇರಲಿಲ್ಲ.

2022ರ ವಿಶ್ವಕಪ್ ಮೆಸ್ಸಿ ಗೆಲ್ಲಿಸಿದ ಅಂತ ಎಲ್ಲರೂ ಹೇಳುತ್ತೀರಲ್ಲ, ಸೌದಿ ಮ್ಯಾಚನ್ನು ಇನ್ನೊಮ್ಮೆ ಕೂತು ನೋಡಿ. ನವೆಂಬರ್ 22, 36 ಮ್ಯಾಚ್ ಸೋಲದೆ ಬಂದ ಅರ್ಜೆಂಟೀನಾ, 10ನೇ ನಿಮಿಷಕ್ಕೇ ಮೆಸ್ಸಿ ಪೆನಾಲ್ಟಿ. ಲೈನಪ್ಪಿನಲ್ಲಿ ಮೆಸ್ಸಿಯ ಜೊತೆ ಲೌಟಾರೊ, ಡಿ ಮರಿಯಾ, ಪಾಪು ಗೊಮೆಜ್. ಎಲ್ಲರೂ ಬಾಲ್ ಕಾಲಿಗೆ ಬೇಕು ಅನ್ನುವವರೇ, ನಿಮ್ಮ ಸೆಮಿ ಲೈನಪ್ಪಿನ ಹಾಗೆಯೇ. ಸೌದಿಯವರು ಡಿಫೆನ್ಸ್ ಲೈನನ್ನು ಮೇಲೆ ತಂದು ನಿಲ್ಲಿಸಿದರು, ಮೊದಲರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡಿಗೆ ಹೋಯಿತು (ಪಾಸ್ ಹೊಡೆಯುವಾಗಲೇ ಡಿಫೆನ್ಸ್ ದಾಟಿ ನಿಂತಿದ್ದರೆ ಗೋಲು ಲೆಕ್ಕಕ್ಕಿಲ್ಲ). ಹಾಫ್ ಟೈಮ್ ಆದ ಮೇಲೆ 48 ಮತ್ತು 53ನೇ ನಿಮಿಷಕ್ಕೆ ಸೌದಿಯ ಎರಡು ಗೋಲು ಬಿತ್ತು, ಮ್ಯಾಚೇ ಹೋಯಿತು. ಆಮೇಲೆ ಉಳಿದ ಹೊತ್ತೆಲ್ಲ ಮೆಸ್ಸಿ ನಡು ಮೈದಾನಕ್ಕೆ ಇಳಿದು ಬಾಲ್ ಹುಡುಕಿದ್ದೇ ಹುಡುಕಿದ್ದು. ಅದೇ ಮನುಷ್ಯ, ಅದೇ ಕಾಲು. ಡಿಸೆಂಬರ್ 13ರ ಸೆಮಿಯಲ್ಲಿ ಕ್ರೊವೇಷಿಯಾದ ಮೇಲೆ ಏನು ಮಾಡಿದ ನೋಡಿದ್ದೀರಿ.

ನಡುವೆ ಎಂತ ಬದಲಾಯಿತು? ಮೆಕ್ಸಿಕೊ ಮ್ಯಾಚಿಗೆ ಮಿಡ್‌ಫೀಲ್ಡರ್ ಮ್ಯಾಕ್ ಅಲಿಸ್ಟರ್ ಬಂದ, ಎರಡನೇ ಅರ್ಧದಲ್ಲಿ ಮಿಡ್‌ಫೀಲ್ಡರ್ ಎಂಜೊ ಮತ್ತು ಸ್ಟ್ರೈಕರ್ ಅಲ್ವಾರೆಜ್ ಇಳಿದರು. ಪೋಲೆಂಡ್ ಮ್ಯಾಚಿಗೆ ಮೂವರೂ ಮೊದಲಿನಿಂದಲೇ. ಸೆಮಿಗೆ ನಡುವೆ ನಾಲ್ಕು ಜನ: ಡಿ ಪಾಲ್, ಪರೆಡೆಸ್, ಎಂಜೊ, ಮ್ಯಾಕ್ ಅಲಿಸ್ಟರ್. ಮೇಲೆ ಮೆಸ್ಸಿ ಮತ್ತು 22 ವರ್ಷದ ಅಲ್ವಾರೆಜ್. 34ನೇ ನಿಮಿಷದ ಪೆನಾಲ್ಟಿ ಹೊಡೆದದ್ದು ಮೆಸ್ಸಿ, ಆದರೆ ಎಂಜೊನ ಪಾಸಿಗೆ ಡಿಫೆನ್ಸ್ ಹಿಂದೆ ಓಡಿ ಅದನ್ನು ಗಳಿಸಿದ್ದು ಅಲ್ವಾರೆಜ್. ಐದು ನಿಮಿಷಕ್ಕೆ ಅರ್ಧ ಮೈದಾನ ಓಡಿ ಎರಡನೆಯದ್ದೂ ಅವನೇ ಹಾಕಿದ. 69ನೇ ನಿಮಿಷಕ್ಕೆ 35 ವರ್ಷದ ಮೆಸ್ಸಿ ಬಲಬದಿಯ ಗೆರೆಯಲ್ಲಿ ಕ್ರೊವೇಷಿಯಾದ 20 ವರ್ಷದ ಡಿಫೆಂಡರ್ ಗ್ವಾರ್ಡಿಯೋಲ್‌ನನ್ನು ತಿರುಗಿಸಿ ತಿರುಗಿಸಿ ದಾಟಿದ್ದು, ಕೊಟ್ಟ ಪಾಸಿಗೆ ಸರಿಯಾದ ಜಾಗದಲ್ಲಿ ಪುನಃ ಅಲ್ವಾರೆಜ್. ಆ ಒಂದು ಓಟಕ್ಕೆ ಮೆಸ್ಸಿಯಲ್ಲಿ ದಮ್ಮು ಉಳಿದದ್ದು ಹೇಗೆ? ಅದುವರೆಗೆ ಅವನ ಪಾಲಿನ ಓಟವನ್ನು ಬೇರೆಯವರು ಓಡಿದ್ದರು.

(ಲೌಟಾರೊ ದಂಡ ಅಂತ ನಾನು ಹೇಳುತ್ತಿಲ್ಲ, ಜಗಳಕ್ಕೆ ಬರಬೇಡಿ. 36 ಮ್ಯಾಚಿನ ಆ ಓಟದಲ್ಲಿ ಅವನೂ ಇದ್ದ. ಆದರೆ ಆಗ ನಡುವೆ ಮಿಡ್‌ಫೀಲ್ಡರ್ ಲೊ ಸೆಲ್ಸೊ ಇದ್ದ, ಅವನು ಗಾಯವಾಗಿ ವಿಶ್ವಕಪ್ಪಿಗೇ ಬರಲಿಲ್ಲ. ಒಂದು ಕೊಂಡಿ ಕಳಚಿದರೂ ಸಾಕು.)

ಈಗ ನಿಮ್ಮ ತಂಡಕ್ಕೆ ಬರುವ. ಎಂಟನೇ ನಂಬರಿನವನನ್ನು ಅಣ್ಣನ ಬದಿಗೇ ಹಾಕಿ, ಅಣ್ಣ ಬಲಕ್ಕೆ ಸರಿದು ಆಡುವವರಾದರೆ ಬಲ ಮಿಡ್‌ಫೀಲ್ಡ್. ಅವನಿಗೆ ಒಂದೇ ಪಾಠ: ಅಣ್ಣನಿಂದ ಹತ್ತು ಹೆಜ್ಜೆ. ಬಾಲ್ ನಮ್ಮದಾದರೆ ಹತ್ತು ಹೆಜ್ಜೆ ಓರೆಯಾಗಿ ಹಿಂದೆ, ಅಣ್ಣನಿಗೆ ತಲೆ ಎತ್ತದೆ ವಾಪಸ್ ಕೊಡಲಿಕ್ಕೆ ಒಂದು ಜಾಗ ಯಾವಾಗಲೂ ತೆರೆದಿರಬೇಕು. ಬಾಲ್ ಹೋದರೆ ಅಣ್ಣನ ಹಿಂದಿನ ಜಾಗಕ್ಕೆ ಮೊದಲು ಓಡುವವ ಅವನೇ, ಅಣ್ಣ ಅಲ್ಲ. ಹತ್ತು ಹೆಜ್ಜೆ ಇಪ್ಪತ್ತಾದರೆ ಎದುರಾಳಿಯ ಇಬ್ಬರು ಅಣ್ಣನನ್ನು ಮುತ್ತುತ್ತಾರೆ. ಐದಾದರೆ ಇವನೇ ತನ್ನ ಮಾರ್ಕರನ್ನು ಅಣ್ಣನ ಕಾಲ ಬುಡಕ್ಕೆ ಕರೆತಂದ ಹಾಗೆ. ಓಡುವುದು ಬಿಟ್ಟರೆ ಬೇರೆಂತ ಗೊತ್ತಿಲ್ಲ ಅಂದಿರಲ್ಲ, ಈ ಕೆಲಸಕ್ಕೆ ಎರಡು ಟಚ್ ಸಾಕು. ಒಂದು ನಿಲ್ಲಿಸಲಿಕ್ಕೆ, ಒಂದು ಕೊಡಲಿಕ್ಕೆ. ಮೂರನೆಯದ್ದು ಮುಟ್ಟಿದರೆ ಬೊಬ್ಬೆ ಹಾಕಿ.

ಪಾಸ್ ಕೊಡುವ ರೀತಿಯೂ ಉಂಟು. ಅಣ್ಣನ ಬೆನ್ನಿಗೆ ಸ್ಟಾಪರ್ (ನಡುವಿನ ಡಿಫೆಂಡರ್) ಅಂಟಿಕೊಂಡಿರುವಾಗ ನೇರ ಕಾಲಿಗೆ ಹೊಡೆಯಬೇಡಿ, ಆ ತಳ್ಳಾಟದಲ್ಲಿ 37 ವರ್ಷದವರು ಗೆಲ್ಲುವುದು ಕಷ್ಟ. ಅವರು ಓರೆಯಾಗಿ ತಿರುಗಿ ನಿಂತಾಗ ದೂರದ ಕಾಲಿಗೆ ಕೊಡಿ, ಒಂದೇ ಟಚ್ಚಿಗೆ ಗೋಲಿನ ಕಡೆ ಮುಖ ಆಗುತ್ತದೆ. ಜಾಗ ಗೋಲಿನಿಂದ 20–25 ಮೀಟರ್. ಅವರೇ ನಡುಗೆರೆಗೆ ಬಂದು ಬಾಲ್ ಕೇಳುತ್ತಿದ್ದಾರೆ ಎಂದರೆ ಹಿಂದಿನವರು ಬಾಲ್ ತಲುಪಿಸುತ್ತಿಲ್ಲ ಅಂತ ಲೆಕ್ಕ. ಅಣ್ಣನಿಗೆ ಬೈಯಬೇಡಿ, ಸ್ಟಾಪರ್‌ಗಳಿಗೆ ಬೈಯಿರಿ.

ಇಬ್ಬರು ಗೆಸ್ಟ್‌ಗಳಲ್ಲಿ ಒಬ್ಬನನ್ನು ಇಟ್ಟುಕೊಳ್ಳಿ, ಬಾಲ್ ಇಲ್ಲದೆ ಓಡುವವನನ್ನು. ಅವನು ಸ್ಟಾಪರ್‌ಗಳ ನಡುವಿಂದ ಅವರ ಬೆನ್ನ ಹಿಂದೆ ಗೋಲಿನ ಕಡೆ ಓಡುತ್ತಲೇ ಇರಬೇಕು, ಹತ್ತಕ್ಕೆ ಎಂಟು ಸಲ ಬಾಲ್ ಬರದಿದ್ದರೂ. ಅವನ ಭಯಕ್ಕೆ ಡಿಫೆನ್ಸ್ ಲೈನ್ ಕೆಳಗೆ ಇಳಿಯುತ್ತದೆ, ಅವರ ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವೆ ಸಂದು ಬೀಳುತ್ತದೆ, ಅದೇ ಅಣ್ಣನ ಅಂಗಡಿ. ದುಡ್ಡು ಕೊಟ್ಟು ಕರೆಸಿದ ಗೆಸ್ಟ್ ಇಂಥ ಓಟಕ್ಕೆ ಒಪ್ಪುತ್ತಾನಾ ಅಂತ ಮೊದಲೇ ಕೇಳಿ. ಹೆಚ್ಚಿನವರು ಒಪ್ಪುವುದಿಲ್ಲ, ಸ್ಕೋರ್ ಶೀಟಿನಲ್ಲಿ ಹೆಸರು ಬೇಕು ಅವರಿಗೆ. ಹಾಗಾದರೆ ನಿಮ್ಮ ಜೂನಿಯರ್ ತಂಡದ ಹುಡುಗನೇ ವಾಸಿ.

ಬಾಲ್ ಎದುರಿನವರದ್ದಾದಾಗ 4-3-3 (ಹಿಂದೆ, ನಡುವೆ, ಮೇಲೆ ಎಷ್ಟು ಜನ ಎಂಬ ಲೆಕ್ಕ) ಇಟ್ಟುಕೊಂಡು ಅಣ್ಣನನ್ನು ವಿಂಗಿನಲ್ಲಿ ಬಿಡಬೇಡಿ, ಎದುರಿನವರ ಬ್ಯಾಕ್ ಮೇಲೇರಿ ಬಂದರೆ ನಮ್ಮ ರೈಟ್ ಬ್ಯಾಕ್ ಒಬ್ಬನೇ ಇಬ್ಬರನ್ನು ಹಿಡಿಯಬೇಕು. 4-4-2 ಮಾಡಿ, ಅಣ್ಣ ಮೇಲಿನ ಇಬ್ಬರಲ್ಲಿ ಒಬ್ಬರು. ಅಣ್ಣನಿಗೆ ಇರುವ ಡಿಫೆನ್ಸ್ ಕೆಲಸ ಒಂದೇ: ಎದುರಿನವರ ಆರನೇ ನಂಬರಿಗೆ (ಡಿಫೆನ್ಸಿನ ಎದುರು ಆಡುವ ಮಿಡ್‌ಫೀಲ್ಡರಿಗೆ) ಹೋಗುವ ಪಾಸಿನ ದಾರಿಯಲ್ಲಿ ನಿಲ್ಲುವುದು. ನಡೆದುಕೊಂಡೇ ಮಾಡಬಹುದು. ಉಳಿದ ಎಂಟು ಜನ ಹತ್ತಿರ ಹತ್ತಿರ, ಕೊನೆಯ ಸ್ಟಾಪರಿನಿಂದ ಅಣ್ಣನವರೆಗೆ 35 ಮೀಟರ್ ಮೀರಬಾರದು. ಮೇಲೆ ಹೋಗಿ ಪ್ರೆಸ್ ಮಾಡುವ, ಅಂದರೆ ಅವರ ಅರ್ಧದಲ್ಲೇ ಮುತ್ತಿ ಬಾಲ್ ಕಸಿಯುವ ಶೋಕಿ ಬೇಡ. ಒಬ್ಬರು ನಿಂತಿರುವ ಪ್ರೆಸ್ ಎಂದರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಸ್ಟಾರ್ ಗೋಲು ಹೊಡೆದರೆ ಸಾಕಲ್ಲವಾ ಅನ್ನುವವರಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ನ ಲೆಕ್ಕ. 2020–21ರಲ್ಲಿ ಲೀಗಿನಲ್ಲಿ 73 ಗೋಲು, 74 ಪಾಯಿಂಟ್, ಎರಡನೇ ಸ್ಥಾನ. 36 ವರ್ಷದ ರೊನಾಲ್ಡೊ ಬಂದ 2021–22ರಲ್ಲಿ ಅವನೊಬ್ಬನೇ 18 ಹೊಡೆದ. ತಂಡದ್ದು ಒಟ್ಟು 57, ತಿಂದದ್ದೂ 57, 58 ಪಾಯಿಂಟ್, ಆರನೇ ಸ್ಥಾನ. ಮಿಡ್‌ಫೀಲ್ಡರ್ ಬ್ರೂನೊನ ಗೋಲು 18ರಿಂದ 10ಕ್ಕೆ ಇಳಿಯಿತು. ತಪ್ಪೆಲ್ಲ ರೊನಾಲ್ಡೊನದ್ದಲ್ಲ, ಆ ವರ್ಷ ನಡುವಿನಲ್ಲಿ ಕೋಚೇ ಬದಲಾದರು, ಡಿಫೆನ್ಸೂ ತೂತು. ಆದರೂ ಅವನ ಪಾಲಿನ ಓಟ ಓಡುವವರನ್ನು ಕೊಡದೆ ಅವನನ್ನು ತಂದದ್ದು ಯಾರ ಬುದ್ಧಿ? ಯಕ್ಷಗಾನ ನೋಡುವವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಹಿರಿಯ ವೇಷಧಾರಿಗೆ ಮಾತು ಬಿಟ್ಟುಕೊಟ್ಟು ದಿಗಿಣ (ಸುತ್ತು ಜಿಗಿತ) ಹೊಡೆಯುವ ಕೆಲಸ ಹುಡುಗರು ಮಾಡುತ್ತಾರೆ. ಹತ್ತೂ ಜನ ಮಾತಿಗೇ ನಿಂತರೆ ಬೆಳಗಾಗುವುದಿಲ್ಲ.

ಇನ್ನೊಂದು ದಾರಿ ಇಟಲಿಯ ಮಿಡ್‌ಫೀಲ್ಡರ್ ಪಿರ್ಲೊನ ದಾರಿ. 2011ರಲ್ಲಿ ಮಿಲಾನಿನವರು 32 ವರ್ಷದವನನ್ನು ಪುಕ್ಕಟೆ ಬಿಟ್ಟುಕೊಟ್ಟರು. ಯುವೆಂಟಸ್ ಅವನನ್ನು ಡಿಫೆನ್ಸಿನ ಎದುರು ನಿಲ್ಲಿಸಿ ಎಡಬಲಕ್ಕೆ ವಿಡಾಲ್ ಮತ್ತು ಮಾರ್ಕಿಸಿಯೊ ಎಂಬ ಎರಡು ಕುದುರೆ ಕಟ್ಟಿತು, 38 ಮ್ಯಾಚಿನಲ್ಲಿ ಒಂದೂ ಸೋಲದೆ ಲೀಗ್ ಗೆದ್ದಿತು. ನಿಮ್ಮ ಅಣ್ಣನ ಲಾಂಗ್ ಬಾಲ್ ಚೆನ್ನಾಗಿದ್ದರೆ ಇದೂ ಆಗುತ್ತದೆ. ಆದರೆ ಅಲ್ಲಿ ಬಾಲ್ ಕಳೆದುಕೊಂಡರೆ ಹಿಂದೆ ಇರುವುದು ಇಬ್ಬರೇ, ಮತ್ತೆ ಕುದುರೆ ಒಂದಲ್ಲ ಎರಡು ಬೇಕು. ನಿಮ್ಮಲ್ಲಿ ಇರುವುದೇ ಒಂದು, ಅದನ್ನೂ ಕೂರಿಸಲಿಕ್ಕೆ ಹೊರಟಿದ್ದೀರಿ.

ಪ್ರಾಕ್ಟೀಸಿಗೆ: 20×15 ಮೀಟರ್ ಚೌಕ, ಒಳಗೆ ನಾಲ್ವರ ಎದುರು ಇಬ್ಬರು, ನಾಲ್ವರಲ್ಲಿ ಅಣ್ಣ ಮತ್ತು ಎಂಟನೇ ನಂಬರ್ ಕಡ್ಡಾಯ. ಎರಡೇ ಟಚ್. ನಾಲ್ಕು ನಿಮಿಷ ಆಟ, ಎರಡು ನಿಮಿಷ ಬಿಡುವು, ನಾಲ್ಕು ಸುತ್ತು. ಬಾಲ್ ಹೋದ ಕೂಡಲೇ ಅಣ್ಣ ನಿಲ್ಲಬೇಕು, ಎಂಟನೆಯವ ಓಡಬೇಕು. ಅಣ್ಣನಿಗೆ ಇದು ಹೇಳಿಸಿಕೊಳ್ಳಲಿಕ್ಕೆ ಕಷ್ಟ, ಓಡದಿದ್ದರೆ ಮರ್ಯಾದೆ ಹೋಯಿತು ಅಂತ ಅವರಿಗೆ. ಎಲ್ಲರ ಎದುರು ಹೇಳಬೇಡಿ, ಬೈಕಿನಲ್ಲಿ ಕರೆದುಕೊಂಡು ಹೋಗುವಾಗ ಹೇಳಿ. ಅವರಿಗೆ ಮೈದಾನದ ಸುತ್ತು ಹೊಡೆಸುವುದೂ ಬೇಡ. 20 ನಿಮಿಷ ವಾರ್ಮ್ ಅಪ್, 10–15 ಮೀಟರಿನ ಐದಾರು ಓಟ, ಒಂದೊಂದರ ನಡುವೆ ಪೂರ್ತಿ ವಿಶ್ರಾಂತಿ. ಮ್ಯಾಚಿನ ಹಿಂದಿನ ದಿನ ಅದೂ ಬೇಡ.

ಅಣ್ಣನನ್ನು 60ನೇ ನಿಮಿಷಕ್ಕೆ ಹೊರಗೆ ಕರೆಸಿಕೊಳ್ಳಿ, ಅಥವಾ 55ಕ್ಕೆ ಒಳಗೆ ಬಿಡಿ. ಎರಡನೆಯದ್ದು ನನಗೆ ಹೆಚ್ಚು ಇಷ್ಟ, ಅಷ್ಟು ಹೊತ್ತಿಗೆ ಎದುರಿನ ಸ್ಟಾಪರ್‌ಗಳ ಕಾಲೂ ಸೋತಿರುತ್ತದೆ. ಸುನಿಲ್ ಛೆಟ್ರಿ 40ರ ವಯಸ್ಸಿನಲ್ಲಿ 2024–25ರ ಇಂಡಿಯನ್ ಸೂಪರ್ ಲೀಗಿನಲ್ಲಿ 14 ಗೋಲು ಹೊಡೆದರು. ಆ ಗೋಲುಗಳ ರೀಪ್ಲೇ ಹಾಕಿ, ಛೆಟ್ರಿಯನ್ನು ಬಿಟ್ಟು ಬಾಲ್ ತಲುಪಿಸಿದವನನ್ನು ನೋಡಿ.

ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಆಡುವವರಿಗೆ ಲೆಕ್ಕ ಬೇರೆ. ಆಫ್‌ಸೈಡ್ ಇಲ್ಲದ ಟೂರ್ನಿಯಾದರೆ 3-2-1, ಅಣ್ಣ ಮೇಲೆ ಗೋಲಿನ ಹತ್ತಿರವೇ ಇರಲಿ, ನಡುವಿನ ಇಬ್ಬರು ಮಾತ್ರ ರೋಲಿಂಗ್ ಸಬ್‌ನಲ್ಲಿ ಹತ್ತತ್ತು ನಿಮಿಷಕ್ಕೆ ಬದಲಾಗಲಿ.

ಮಳೆ ಬಂದರೆ ಮೇಲೆ ಹೇಳಿದ ಅರ್ಧ ಅಳಿಸಿಬಿಡಿ. ನೀರು ನಿಂತ ಮೈದಾನದಲ್ಲಿ ನೆಲದ ಪಾಸ್ ದಾರಿಯಲ್ಲೇ ಸಾಯುತ್ತದೆ. ಆಗ ಅಣ್ಣನನ್ನು ಬಾಕ್ಸಿನ ಹತ್ತಿರ ತಳ್ಳಿ, ಬಾಲ್ ಎತ್ತಿ ಹೊಡೆಯಿರಿ, ತಾಗಿ ಚೆಲ್ಲಿ ಬೀಳುವ ಸೆಕೆಂಡ್ ಬಾಲಿಗೆ ಎಂಟನೆಯವ ಕಾಯಲಿ. ಕಾರ್ನರ್, ಫ್ರೀಕಿಕ್ ಎಲ್ಲ ಅಣ್ಣನೇ ಹೊಡೆಯಲಿ, ಹಿಂದೆ ಮೂವರು ಉಳಿಯಲೇಬೇಕು, ಯಾಕೆಂದರೆ ಕೌಂಟರ್ ಬಂದರೆ ಕಾರ್ನರ್ ಬಾವುಟದ ಹತ್ತಿರ ಇರುವ ಅಣ್ಣ ವಾಪಸ್ ಬರುವುದು ಮರುದಿನ.

ಯಾವ ಶೂ ಹಾಕಬೇಕು ಅಂತ ಗುಂಪಿನಲ್ಲಿ ಯಾರೋ ಕೇಳಿದ್ದರು. ಮುರಮಣ್ಣಿನ ಗಟ್ಟಿ ಮೈದಾನಕ್ಕೆ ಉದ್ದ ಸ್ಟಡ್ ಹಾಕಿದರೆ ವಯಸ್ಸಾದವರ ಹಿಮ್ಮಡಿ ಮತ್ತು ಮೀನಖಂಡ ಮೊದಲು ಹೋಗುತ್ತದೆ. ಗಿಡ್ಡ ರಬ್ಬರ್ ಸ್ಟಡ್, ನಿವಿಯಾ ಕಂಪನಿಯದ್ದೇ ಸಾಕು. ನೈಕಿ ಫಸ್ಟ್ ಕಾಪಿ ತರಬೇಡಿ, ಒಂದು ಮಳೆಗೆ ಸೋಲ್ ಬಾಯಿ ಬಿಡುತ್ತದೆ. ಹಾಫ್ ಟೈಮಿಗೆ ಕೋಲಾ ಬೇಡ, ಬೊಂಡ (ಎಳನೀರು) ಅಥವಾ ಒಂದು ಲೀಟರಿಗೆ ಒಂದು ಪ್ಯಾಕೆಟ್ ಓಆರ್‌ಎಸ್. ನಮ್ಮ ಊರಿನ ಸೆಕೆಗೆ 70ನೇ ನಿಮಿಷಕ್ಕೆ ಕಾಲು ಹಿಡಿಯುವುದು ಬೆವರು ಹೋದದ್ದಕ್ಕೂ ಹೌದು, ಎಲ್ಲದಕ್ಕೂ ವಯಸ್ಸನ್ನೇ ದೂರಬೇಡಿ.

ಲೈನಪ್ ಬದಲಿಸಿ ಇಲ್ಲೇ ಹಾಕಿ, ನೋಡುವ. ಲೆಫ್ಟ್ ಬ್ಯಾಕ್ ಯಾರು ಅಂತಲೂ ಬರೆಯಿರಿ, ಮೂರು ಸ್ಟ್ರೈಕರ್‌ಗಳ ಗಡಿಬಿಡಿಯಲ್ಲಿ ನಿಮ್ಮ ಪಟ್ಟಿಯಲ್ಲಿ ಹತ್ತೇ ಹೆಸರು ಉಂಟು.